ಗಟ್ಟಿ ಮೊಸರು ನೀರು ಬಿಡುವುದೇಕೆ?

ರಾತ್ರಿ ಹೆಪ್ಪು ಹಾಕಿದ ಮೊಸರು ಬೆಳಿಗ್ಗೆ ಗಟ್ಟಿಯಾಗಿ ಕುಳಿತಿರುತ್ತದೆ. ಒಂದು ಸೌಟು ತೆಗೆದು ಮುಚ್ಚಿಡುತ್ತೀರಿ. ಮಧ್ಯಾಹ್ನ ನೋಡಿದರೆ ಆ ಗುಳಿಯಲ್ಲಿ ತಿಳಿ ನೀರು ನಿಂತಿರುತ್ತದೆ. ಸಂತೆಗೆ ಒಯ್ದ ಮೊಸರಿನಲ್ಲಿ ಹೀಗಾದರೆ ‘ನೀರು ಬೆರೆಸಿದ್ದೀರಿ’ ಎಂಬ ಮಾತನ್ನೂ ಕೇಳಬೇಕು. ಆ ನೀರು ಹಾಲಿನಲ್ಲೇ ಇದ್ದದ್ದು.

ಹಸುವಿನ ಹಾಲಿನಲ್ಲಿ 100ಕ್ಕೆ ಸುಮಾರು 87 ಭಾಗ ನೀರು. ಅದರಲ್ಲಿ ಕೇಸಿನ್ ಎಂಬ ಪ್ರೋಟೀನು ಸಣ್ಣ ಸಣ್ಣ ಉಂಡೆಗಳಾಗಿ ತೇಲುತ್ತಿರುತ್ತದೆ. ಇಂಥ ಐದು ಸಾವಿರ ಉಂಡೆಗಳನ್ನು ಸಾಲಾಗಿ ಇಟ್ಟರೂ ಒಂದು ರಾಗಿ ಕಾಳಿನ ಅಗಲ ಮುಟ್ಟುವುದಿಲ್ಲ. ಹಾಲಿನಲ್ಲಿ ಇವು ಒಂದನ್ನೊಂದು ದೂರ ತಳ್ಳುತ್ತವೆ. ಹೆಪ್ಪಿನಿಂದ ಹುಳಿ ಏರಿದಂತೆ ಈ ತಳ್ಳಾಟ ನಿಂತು, ಉಂಡೆಗಳು ಅಂಟಿಕೊಂಡು ಬಲೆಯಾಗುತ್ತವೆ. ನೀರು ಬಲೆಯ ಸಂದಿಗಳಲ್ಲಿ ಸಿಕ್ಕಿಕೊಳ್ಳುತ್ತದೆ.

ಈ ಬಲೆ ಸಮನಾಗಿ ಹೆಣೆದದ್ದಲ್ಲ. ಕಲ್ಲುಸಕ್ಕರೆಯಲ್ಲಿ ಕಣಗಳು ಸಾಲು ಹಿಡಿದು ಕೂತಿರುತ್ತವೆ. ಮೊಸರಿನಲ್ಲಿ ಹೇಗೆ ಸಿಕ್ಕಿತೋ ಹಾಗೆ, ಒಂದು ಕಡೆ ದಟ್ಟ, ಇನ್ನೊಂದು ಕಡೆ ತೆಳು. ಪಾತ್ರೆ ಮೆಲ್ಲಗೆ ಅಲುಗಿದರೆ ಬಲೆ ಬಾಗಿ ಮತ್ತೆ ಮೊದಲಿನಂತಾಗುತ್ತದೆ. ಜೋರಾಗಿ ಅಲುಗಿದರೆ ತೆಳುವಾದ ಕಡೆ ಕೆಲವು ಉಂಡೆಗಳ ಹಿಡಿತ ಬಿಡುತ್ತದೆ. ಅವು ಹೊತ್ತಿದ್ದ ಭಾರ ಪಕ್ಕದವುಗಳ ಮೇಲೆ ಬೀಳುತ್ತದೆ. ಹೊರೆ ಹೊತ್ತ ನಾಲ್ವರಲ್ಲಿ ಒಬ್ಬರು ಕೈಬಿಟ್ಟರೆ ಉಳಿದವರ ಪಾಡೇನು ಎಂದು ನಿಮಗೆ ಗೊತ್ತೇ ಇದೆ! ಹೀಗೆ ಒಂದರ ಹಿಂದೆ ಒಂದು ಬಿಟ್ಟುಕೊಂಡು ಬಿರುಕು ಮೂಡುತ್ತದೆ, ಬಲೆ ಕುಗ್ಗಿ ನೀರನ್ನು ಹೊರಗೆ ಹಿಂಡುತ್ತದೆ. ಒಮ್ಮೆ ಒಡೆದದ್ದು ಮೊದಲಿನ ಹಾಗೆ ಕೂಡಿಕೊಳ್ಳುವುದಿಲ್ಲ.

ಫ್ರಾನ್ಸಿನ ಲಿಯಾನ್ ನಗರದ ವಿಜ್ಞಾನಿಗಳು ಕೇಸಿನ್ ಹೆಪ್ಪಿನ ಮೇಲೆ ಒಂದೇ ಸಮನೆ ಒತ್ತಡ ಹಾಕಿ ನೋಡಿದ್ದನ್ನು 2014ರಲ್ಲಿ ಪ್ರಕಟಿಸಿದರು. ಬಹಳ ಹೊತ್ತು ಏನೂ ಆಗದಂತೆ ಕಂಡಿತು. ಆಮೇಲೆ ಸಣ್ಣ ಬಿರುಕುಗಳು ಮೆಲ್ಲಗೆ ಬೆಳೆದು, ಕೊನೆಗೆ ಒಮ್ಮೆಲೇ ಒಡೆದುಹೋಯಿತು. ಮನೆಯಿಂದ ಹೊರಡುವಾಗ ಚೆನ್ನಾಗಿದ್ದ ಮೊಸರು ಬಸ್ಸಿನ ಕುಲುಕಾಟದಲ್ಲಿ ಸಂತೆ ಮುಟ್ಟುವಷ್ಟರಲ್ಲಿ ಒಡೆಯುವುದೂ ಇಂಥದ್ದೇ.

ಆದ್ದರಿಂದ ಮಾರುವ ಪಾತ್ರೆಯಲ್ಲೇ ಹೆಪ್ಪು ಹಾಕಿ, ಗಟ್ಟಿಯಾಗುವ ತನಕ ಅಲುಗಿಸಬೇಡಿ, ತಣ್ಣಗಾದ ಮೇಲೆ ಸಾಗಿಸಿ. ಹಾಲನ್ನು ಚೆನ್ನಾಗಿ ಕುದಿಸಿರಬೇಕು. ಕಾವಿಗೆ ಹಾಲಿನ ಇನ್ನೊಂದು ಪ್ರೋಟೀನು ಕೇಸಿನ್ ಉಂಡೆಗಳಿಗೆ ಅಂಟಿಕೊಂಡು ಬಲೆಯನ್ನು ಬಲಪಡಿಸುತ್ತದೆ. ಬಿಸಿ ಹಾಲಿಗೆ ಅವಸರದಲ್ಲಿ ಹೆಪ್ಪು ಹಾಕಬೇಡಿ, ಉಗುರುಬೆಚ್ಚಗಾಗಲಿ.

ಇಷ್ಟು ಮಾಡಿಯೂ ಒಂದೇ ಹಸುವಿನ ಹಾಲಿನ ಮೊಸರು ದಿನವೂ ಸಡಿಲವಾಗುತ್ತಿದ್ದರೆ ತಪ್ಪು ನಿಮ್ಮ ಕೈಯದಲ್ಲದಿರಬಹುದು. ಕೆಚ್ಚಲು ಬಾವು ಹೊರಗೆ ಕಾಣದಿದ್ದಾಗಲೂ ಹಾಲಿನ ಕೇಸಿನ್ ಒಡೆಯುತ್ತದೆ, ಬಲೆ ಹೆಣೆಯಲು ಉಂಡೆಗಳೇ ಸಾಲುವುದಿಲ್ಲ. ಕೂಡಲೇ ಸಂಘದಲ್ಲಿ ತಿಳಿಸಿ, ಪಶುವೈದ್ಯರಿಂದ ನಾಲ್ಕೂ ಮೊಲೆಗಳ ಹಾಲನ್ನು ಬೇರೆ ಬೇರೆಯಾಗಿ ಪರೀಕ್ಷೆ ಮಾಡಿಸಿ. ಅಲ್ಲಿಯವರೆಗೆ ಆ ಹಸುವನ್ನು ಎಲ್ಲಕ್ಕಿಂತ ಕೊನೆಗೆ ಕರೆಯಿರಿ.