ಬಾಲ್ಯದ ಸಂಕಟವೂ ಊಟದ ಅಭ್ಯಾಸವೂ

ಅವಸರದಿಂದ ಉಣ್ಣುವವನನ್ನು ಹೊಟ್ಟೆಬಾಕನೆಂದು ನಗುವುದುಂಟು. ನಾನೂ ಆ ನಗೆಗೆ ಪಾತ್ರನಾದವನೇ. ಗಂಜಿಯ ಮಡಕೆ ಬೇಗನೆ ಬರಿದಾಗುತ್ತಿದ್ದ ಮನೆಯಲ್ಲಿ ಬೆಳೆದ ಕೈ, ಹಾಸ್ಟೆಲಿನ ತುಂಬಿದ ಬಟ್ಟಲಿನ ಮುಂದೆಯೂ ನಿಧಾನವನ್ನು ಕಲಿತಿಲ್ಲ.

ಹಸಿವಿನಂತೆ ಭಯವೂ ಊಟದ ಕ್ರಮವನ್ನು ಕೆಡಿಸುತ್ತದೆ. ಅಮೆರಿಕದ ಸ್ಯಾನ್ ಡಿಯಾಗೋ ನಗರದ ವೈದ್ಯ ವಿನ್ಸೆಂಟ್ ಫೆಲಿಟ್ಟಿಯವರು 1980ರ ದಶಕದಲ್ಲಿ ಬೊಜ್ಜಿನ ಚಿಕಿತ್ಸೆ ನಡೆಸುವಾಗ, ತೂಕ ಇಳಿಯುತ್ತಿದ್ದವರೇ ಬಿಟ್ಟುಹೋಗುವುದನ್ನು ಕಂಡರು; ವಿಚಾರಿಸಲಾಗಿ ಅವರಲ್ಲಿ ಅನೇಕರು ಬಾಲ್ಯದಲ್ಲಿ ದೌರ್ಜನ್ಯಕ್ಕೊಳಗಾದವರು. ಅವರ ಬಳಗದ 1998ರ ಅಧ್ಯಯನದಲ್ಲಿ, ಬಾಲ್ಯದ ಸಂಕಟಗಳು ಹೆಚ್ಚಿದಂತೆ ತೀವ್ರ ಬೊಜ್ಜೂ ಹೆಚ್ಚಾಗಿ ಕಂಡುಬಂದಿತು. ದುಗುಡವನ್ನು ಕೆಲವರು ಅನ್ನದಿಂದ ಮರೆಯುತ್ತಾರೆ, ಕೆಲವರು ಅನ್ನವನ್ನೇ ತೊರೆಯುತ್ತಾರೆ.

ಎಲ್ಲರಿಗೂ ಹೀಗಾಗದು, ಆದವರಿಗೆ ಚಿಕಿತ್ಸೆಯುಂಟು. ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವೇ ಇದೆ. ಸಹಪಾಠಿಗಳೇ, ಪಕ್ಕದವನ ಬಟ್ಟಲನ್ನು ನೋಡಿ ನಗುವ ಬದಲು ಅವನೊಡನೆ ಕುಳಿತು ನಿಧಾನವಾಗಿ ಉಣ್ಣೋಣ.