ಮಕ್ಕಳಲ್ಲಿ ಪ್ರತಿಭಟನಾ ಪ್ರವೃತ್ತಿ: ಒಂದು ವಿವೇಚನೆ

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರಗಳಲ್ಲಿರುವ ಅಶೋಕನ ಶಾಸನಗಳನ್ನು ಬಿ. ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದರು. ತಾಯಿತಂದೆಗಳಿಗೆ ವಿಧೇಯರಾಗಿರಬೇಕು, ಶಿಷ್ಯನು ಆಚಾರ್ಯನನ್ನು ಗೌರವಿಸಬೇಕು ಎಂಬ ಆಶಯ ಆ ಬಂಡೆಗಳ ಮೇಲಿದೆ. ಕ್ರಿ.ಪೂ. 3ನೆಯ ಶತಮಾನದಲ್ಲಿಯೇ ಇದನ್ನು ಕಲ್ಲಿನಲ್ಲಿ ಕೊರೆಯಿಸಬೇಕಾಯಿತೆಂದ ಮೇಲೆ, ಮಾತು ಕೇಳದ ಮಕ್ಕಳು ಅಂದೂ ಇದ್ದಿರಬೇಕು. ಜೀವಿಗಳಲ್ಲಿ ದಯೆ ಇರಬೇಕೆಂಬ ಮಾತೂ ಅದೇ ಶಾಸನದಲ್ಲಿದೆ. ವಿಧೇಯತೆಯನ್ನು ಬೋಧಿಸುವವರು ಅದನ್ನು ನೆನೆಯುವುದು ಕಡಿಮೆ.

ಹಟವೆಲ್ಲವೂ ರೋಗವಲ್ಲ. ಮೂರು ವರ್ಷದ ಮಗು 'ಒಲ್ಲೆ' ಎನ್ನುವುದೂ, ಹದಿನಾಲ್ಕರ ಹುಡುಗ ವಾದಿಸುವುದೂ ಬೆಳವಣಿಗೆಯ ಲಕ್ಷಣಗಳೇ. ಆದರೆ ಕೆಲವು ಮಕ್ಕಳಲ್ಲಿ ಸಿಡುಕು, ಎದುರುವಾದ, ಬೇಕೆಂದೇ ಕೆಣಕುವುದು, ತನ್ನ ತಪ್ಪನ್ನು ಇತರರ ಮೇಲೆ ಹೊರಿಸುವುದು, ಸೇಡಿನ ಬುದ್ಧಿ ಇವು ಆರು ತಿಂಗಳಿಗೂ ಮೀರಿ ಮುಂದುವರಿದು, ಮನೆಯ ನೆಮ್ಮದಿಯನ್ನೂ ಓದನ್ನೂ ಕೆಡಿಸುತ್ತವೆ. ಅಮೆರಿಕದ ಮನೋವೈದ್ಯರ ಸಂಘವು ತನ್ನ ಕೈಪಿಡಿಯಲ್ಲಿ 1980ರಲ್ಲಿ ಇದಕ್ಕೆ ಪ್ರತ್ಯೇಕ ಸ್ಥಾನ ಕೊಟ್ಟಿತು. 'ಅಪೊಸಿಷನಲ್ ಡಿಫೈಯಂಟ್ ಡಿಸಾರ್ಡರ್' ಎಂಬ ಈಗಿನ ಹೆಸರು ಬಂದುದು 1987ರಲ್ಲಿ. ಅದೇ ಕೈಪಿಡಿಯ 2013ರ ಆವೃತ್ತಿಯ ಪ್ರಕಾರ ಸರಾಸರಿ 100 ಮಕ್ಕಳಲ್ಲಿ ಸುಮಾರು 3 ಮಕ್ಕಳಿಗೆ ಇದು ಇರುತ್ತದೆ. ಒಡಹುಟ್ಟಿದವರೊಡನೆ ಮಾತ್ರ ಜಗಳವಾಡುವ ಮಗು ಈ ಲೆಕ್ಕಕ್ಕೆ ಸೇರದು.

ಇದು ಬೇರೂರುವ ಬಗೆಯನ್ನು ತಿಳಿಯಲು ಮೊಳಕಾಲ್ಮೂರಿನ ರೇಷ್ಮೆ ಸೀರೆ ನೇಯುವ ಮನೆಯೊಂದನ್ನು ಕಲ್ಪಿಸಿಕೊಳ್ಳಬಹುದು. ತಂದೆ ಮಗ್ಗದ ಕುಣಿಯಲ್ಲಿ, ತಾಯಿ ನೂಲು ಸುತ್ತುವುದರಲ್ಲಿ. ಎಂಟು ವರ್ಷದ ಮಗನಿಗೆ ನೀರು ತರಲು ಹೇಳಿದರೆ 'ಆಗೋದಿಲ್ಲ' ಎನ್ನುತ್ತಾನೆ. ತಾಯಿಯ ಸ್ವರ ಏರುತ್ತದೆ. ಅವನು ಅದಕ್ಕಿಂತ ಜೋರಾಗಿ ಕೂಗಿ ತಟ್ಟೆ ಎಸೆಯುತ್ತಾನೆ. ಎಳೆ ಕಡಿದೀತೆಂಬ ಭಯದಿಂದ ಆಕೆ ತಾನೇ ಎದ್ದು ನೀರು ತರುತ್ತಾಳೆ. ಗಲಾಟೆ ನಿಲ್ಲುತ್ತದೆ. ಕೂಗಿದರೆ ಕೆಲಸ ತಪ್ಪುವುದೆಂದು ಮಗ ಕಲಿತ. ಸೋತರೆ ಶಾಂತಿ ದೊರೆಯುವುದೆಂದು ತಾಯಿ ಕಲಿತಳು. ಮರುದಿನ ತಂದೆ ಹೊಡೆಯುತ್ತಾನೆ. ಹುಡುಗ ಆ ಗಳಿಗೆಗೆ ಸುಮ್ಮನಾಗುತ್ತಾನೆ. ಏಟೇ ಉಪಾಯವೆಂದು ತಂದೆಯೂ ಕಲಿಯುತ್ತಾನೆ. ಈ ವಿಷಚಕ್ರವನ್ನು ಅಮೆರಿಕದ ಆರೆಗಾನ್‌ನಲ್ಲಿ ಜೆರಾಲ್ಡ್ ಪ್ಯಾಟರ್‌ಸನ್ ಎಂಬ ಮನಶ್ಶಾಸ್ತ್ರಜ್ಞರು ಕುಟುಂಬಗಳ ನಡುವೆ ನೋಡಿ ವಿವರಿಸಿ, 1982ರಲ್ಲಿ ಗ್ರಂಥರೂಪಕ್ಕೆ ತಂದರು. ಹುಟ್ಟಿನಿಂದ ಬಂದ ಸಿಡುಕು ಸ್ವಭಾವವೂ ಇಲ್ಲಿ ಸೇರಿರುತ್ತದೆಯಾದ್ದರಿಂದ, ಎಲ್ಲವನ್ನೂ ತಾಯಿಯ ತಲೆಗೆ ಕಟ್ಟುವುದು ನ್ಯಾಯವಲ್ಲ.

ಈ ಗಡಿ ಸೀಮೆಯಲ್ಲಿ ಇನ್ನೊಂದು ಎಚ್ಚರವೂ ಅಗತ್ಯ. ಮನೆಯಲ್ಲಿ ತೆಲುಗು ಆಡುವ ಮಗು ಒಂದನೆಯ ತರಗತಿಯಲ್ಲಿ ಕನ್ನಡದ ಆಜ್ಞೆಯನ್ನು ಪಾಲಿಸದಿದ್ದರೆ ಅದು ಉದ್ಧಟತನವೇ, ಅರ್ಥವಾಗದಿರುವುದೇ? ಕಿವಿ ಮಂದವಾದ ಮಗುವೂ, ಅಕ್ಷರಗಳನ್ನು ಗುರುತಿಸಲಾರದ ಮಗುವೂ, ಒಂದೆಡೆ ಕುಳಿತಿರಲಾರದ ಚಂಚಲ ಮಗುವೂ 'ಮೊಂಡ' ಎನ್ನಿಸಿಕೊಳ್ಳುತ್ತವೆ. ಮಳೆ ಕೈಕೊಟ್ಟು ಶೇಂಗಾ ಒಣಗಿದ ವರ್ಷ ಚಳ್ಳಕೆರೆ ಸೀಮೆಯ ತಾಯಿತಂದೆಗಳು ಗುಳೆ ಹೋಗಿ, ಮಗು ಅಜ್ಜಿಯ ಬಳಿ ಉಳಿದಾಗ ಕಾಣುವ ಸಿಟ್ಟಿನ ಹಿಂದೆ ದುಃಖವಿರಬಹುದು. ಹೆಸರಿಡುವ ಮೊದಲು ಇವನ್ನೆಲ್ಲ ಪರೀಕ್ಷಿಸತಕ್ಕದ್ದು.

ಈ ತೊಂದರೆಗೆಂದೇ ಇರುವ ಗುಳಿಗೆಯಿಲ್ಲ. ಜೊತೆಗೆ ಗಮನದ ಕೊರತೆ, ಅತಿಚಟುವಟಿಕೆಗಳಿದ್ದರೆ ವೈದ್ಯರು ಅದಕ್ಕೆ ಔಷಧ ಕೊಡಬಹುದು. ಮುಖ್ಯ ಚಿಕಿತ್ಸೆಯೆಂದರೆ ಹಿರಿಯರಿಗೆ ಕೊಡುವ ತರಬೇತಿ. ರೋಗಿಯೆಂದು ಕರೆತಂದ ಮಗುವನ್ನು ಬಿಟ್ಟು ತಮಗೇ ಪಾಠ ಹೇಳುವುದನ್ನು ಕಂಡು ಪಾಲಕರು ಚಕಿತರಾಗುವುದು ಸಹಜ. ದಿನಕ್ಕೆ ಹತ್ತು ನಿಮಿಷ ಮಗುವಿನ ಇಚ್ಛೆಯಂತೆ ಅದರೊಡನೆ ಆಡುವುದು; ಮಾಡಿದ ಒಳ್ಳೆಯ ಕೆಲಸವನ್ನು ಹೆಸರಿಸಿ ಆಗಲೇ ಮೆಚ್ಚುವುದು; ಹತ್ತಿರ ಹೋಗಿ, ಒಂದು ಸಲಕ್ಕೆ ಒಂದೇ ಮಾತನ್ನು ಸ್ಪಷ್ಟವಾಗಿ ಹೇಳಿ ಕಾಯುವುದು; ಸಣ್ಣ ಕೀಟಲೆಯನ್ನು ಕಾಣದಂತಿರುವುದು; ತಪ್ಪಿಗೆ ಚಿಕ್ಕದಾದರೂ ತಪ್ಪದ ಪರಿಣಾಮವನ್ನಿಡುವುದು. ಗಮನ ಕೊಡುವುದನ್ನು ನಿಲ್ಲಿಸಿದ ಮೊದಲ ದಿನಗಳಲ್ಲಿ ಕೂಗಾಟ ಹೆಚ್ಚುವುದುಂಟು. ಬಹಳ ಮಂದಿ ಕೈಬಿಡುವುದು ಅಲ್ಲಿಯೇ. ಅಂದು ಬಿಟ್ಟುಕೊಟ್ಟರೆ ಇನ್ನೂ ಜೋರಾಗಿ ಕೂಗಬೇಕೆಂಬ ಪಾಠವನ್ನೇ ಮಗುವಿಗೆ ಕಲಿಸಿದಂತಾಗುತ್ತದೆ.

ತ.ರಾ.ಸು. ಅವರ ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲರು 1972ರಲ್ಲಿ ತೆರೆಗೆ ತಂದ 'ನಾಗರಹಾವು' ಚಿತ್ರದ ರಾಮಾಚಾರಿ ದುರ್ಗದವನೇ. ಕಲ್ಪನೆಯ ಪಾತ್ರಕ್ಕೆ ರೋಗದ ಹೆಸರು ಅಂಟಿಸುವುದು ಸಲ್ಲದು. ಆದರೂ ಊರಿಗೆಲ್ಲ ಎದುರು ನಿಂತವನು ಚಾಮಯ್ಯ ಮೇಷ್ಟರ ಮಾತಿಗೆ ತಲೆಬಾಗುವುದನ್ನು ಉಪಾಧ್ಯಾಯರು ಗಮನಿಸಬೇಕು. ಪ್ರತಿಭಟನೆ ಎಲ್ಲರೆದುರೂ ಒಂದೇ ಸಮನಾಗಿರುವುದಿಲ್ಲ. ಆ ಪ್ರೀತಿಯ ಬಲದಿಂದಲೇ ಮೇಷ್ಟರು ಅಲಮೇಲುವನ್ನು ಅವನಿಂದ ಬಿಡಿಸಿದರು, ಮುಂದೆ ಅನಾಹುತವಾಯಿತು. ಮಗುವಿನ ವಿಶ್ವಾಸವನ್ನು ಗಳಿಸಿದವರು ಅದನ್ನು ಹೇಗೆ ಬಳಸುತ್ತಾರೆಂಬುದೂ ಕಡಿಮೆ ಪ್ರಶ್ನೆಯಲ್ಲ.

ಶಾಲೆಗಳ ಕೈಯಲ್ಲಿರುವ ಸುಲಭೋಪಾಯ ವರ್ಗಾವಣೆ ಪತ್ರ. ಅದು ಮಗುವನ್ನು ಸ್ಥಳಾಂತರಿಸುತ್ತದೆಯೇ ಹೊರತು ಗುಣಪಡಿಸುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯು ಪ್ರಾಥಮಿಕ ಶಿಕ್ಷಣ ಮುಗಿಯುವ ಮೊದಲು ಮಗುವನ್ನು ಹೊರಹಾಕುವುದನ್ನೂ, ದೈಹಿಕ ಶಿಕ್ಷೆಯನ್ನೂ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಪ್ರಸಾದನಿಲಯದಲ್ಲಿರುವ ಮಗುವಿಗೆ ನಿಲಯಪಾಲಕನೇ ತಾಯಿತಂದೆಯಾದುದರಿಂದ ತರಬೇತಿ ಆತನಿಗೂ ಬೇಕು. ದಾನಿಗಳು ಕೊಠಡಿ ಕಟ್ಟಿಸುವಷ್ಟೇ ಸಂತೋಷದಿಂದ ಒಬ್ಬ ಮಕ್ಕಳ ಆಪ್ತಸಮಾಲೋಚಕರ ವೇತನ ವಹಿಸಿಕೊಂಡರೆ ಗೋಡೆಯ ಮೇಲೆ ಹೆಸರು ಕಾಣದೆ ಹೋಗಬಹುದು, ಉಪಯೋಗ ಮಾತ್ರ ಕಾಣುತ್ತದೆ.

ನೆರೆಯ ಬಳ್ಳಾರಿಯಲ್ಲಿ ನಿಮ್ಹಾನ್ಸ್ ಸಂಸ್ಥೆಯು 1985ರಲ್ಲಿ ಆರಂಭಿಸಿದ ಪ್ರಯೋಗವೇ ಮುಂದೆ 1996ರಿಂದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಗೆ ಹೋಗಲಾರದವರು 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಬಹುದು. ವೈದ್ಯರ ಬಳಿಗೆ ಹೋಗುವ ಪಾಲಕರ ಕೈಯಲ್ಲಿ ಉಪಾಧ್ಯಾಯರು ಹದಿನೈದು ದಿನಗಳ ಒಂದು ಟಿಪ್ಪಣಿ ಕಳುಹಿಸಿಕೊಡುವುದು ಉತ್ತಮ: ಸಿಟ್ಟು ಯಾವ ಹೊತ್ತಿನಲ್ಲಿ ಬಂತು, ಯಾರೆದುರು, ಅದಕ್ಕೆ ಮೊದಲು ಏನು ನಡೆಯಿತು, ಅನಂತರ ಹಿರಿಯರು ಏನು ಮಾಡಿದರು. ಆ ಹದಿನೈದು ದಿನಗಳಲ್ಲಿ ಮಗು ಹೇಳಿದ ಮಾತು ಕೇಳಿದ ಸಂದರ್ಭಗಳನ್ನೂ ಅದೇ ಪುಸ್ತಕದಲ್ಲಿ ಬರೆದಿರಬೇಕು.