ಪಾಸ್‌ವರ್ಡ್ ಬದಲಾದ ಬಳಿಕ

ದೊಡ್ಡ ಸಂಸ್ಥೆಗಳಲ್ಲಿ ನೌಕರರ ಪಾಸ್‌ವರ್ಡನ್ನು ಪರಿಶೀಲಿಸುವುದು ಅವರ ಮೇಜಿನ ಮೇಲಿನ ಕಂಪ್ಯೂಟರಲ್ಲ, ಕೇಂದ್ರದಲ್ಲಿರುವ ಡೈರೆಕ್ಟರಿ. ವಿಂಡೋಸ್ 2000ದೊಡನೆ ಬಂದ ಆಕ್ಟಿವ್ ಡೈರೆಕ್ಟರಿ ಇದಕ್ಕೆ ಪರಿಚಿತ ಉದಾಹರಣೆ. ಮನೆಯಿಂದಲೇ ಕೆಲಸ ಮಾಡುವ ನಮ್ಮವರನೇಕರು ಇದರಿಂದ ಒಂದು ವಿಚಿತ್ರ ಸಂಕಟಕ್ಕೆ ಸಿಲುಕುವುದುಂಟು. ಕಚೇರಿಯ ಜಾಲಪುಟದಲ್ಲಿ ಪಾಸ್‌ವರ್ಡ್ ಬದಲಾಯಿಸುತ್ತಾರೆ; ಮರುದಿನ ಲ್ಯಾಪ್‌ಟಾಪು ಹೊಸದನ್ನು ತಿರಸ್ಕರಿಸಿ ಹಳೆಯದಕ್ಕೇ ಬಾಗಿಲು ತೆರೆಯುತ್ತದೆ!

ಕೇಂದ್ರದ ಸಂಪರ್ಕವಿಲ್ಲದಾಗಲೂ ಕೆಲಸ ನಿಲ್ಲದಿರಲೆಂದು ವಿಂಡೋಸ್, ಹಿಂದೆ ಪ್ರವೇಶಿಸಿದವರ ಪಾಸ್‌ವರ್ಡಿನಿಂದ ಗಣಿಸಿದ ಒಂದು ಗುರುತನ್ನು ತನ್ನಲ್ಲೇ ಉಳಿಸಿಕೊಂಡಿರುತ್ತದೆ. ಸಾಮಾನ್ಯವಾಗಿ 10 ಮಂದಿಯವರೆಗೆ. ಬದಲಾವಣೆಯ ಸುದ್ದಿ ಅದಕ್ಕೆ ತಲುಪಿಯೇ ಇರುವುದಿಲ್ಲ. ಇದನ್ನರಿಯದೆ ಮತ್ತೊಮ್ಮೆ ಬದಲಾಯಿಸಿದರೆ ಗೊಂದಲ ಇಮ್ಮಡಿಸುವುದು. ತಿಂಗಳ ಕೊನೆಯ ಲೆಕ್ಕದ ದಿನವಾದರಂತೂ ಕೇಳುವುದೇ ಬೇಡ. ಹಳೆಯ ಪಾಸ್‌ವರ್ಡಿನಿಂದಲೇ ಒಳಹೊಕ್ಕು, ವಿಪಿಎನ್ ಮೂಲಕ ಕಚೇರಿಯ ಜಾಲವನ್ನು ಹೊಸದರಿಂದ ಸೇರಿ, ಆ ಸಂಪರ್ಕವಿರುವಾಗಲೇ ಪರದೆಗೆ ಬೀಗ ಹಾಕಿ, ಹೊಸ ಪಾಸ್‌ವರ್ಡಿನಿಂದ ತೆರೆಯತಕ್ಕದ್ದು. ಆಗ ಗುರುತೂ ಹೊಸದಾಗುತ್ತದೆ.

ಅನಂತರವೂ ನಿರಾಕರಣೆಯಾದರೆ ಲ್ಯಾಪ್‌ಟಾಪಿನ ಗಡಿಯಾರವನ್ನು ನೋಡಿರಿ. ಡೈರೆಕ್ಟರಿ ಬಳಸುವ ಕೆರ್ಬರಾಸ್ ಎಂಬ ಪರಿಶೀಲನಾ ವಿಧಾನವು ಸಾಮಾನ್ಯವಾಗಿ 5 ನಿಮಿಷಗಳಿಗೆ ಮೀರಿದ ವ್ಯತ್ಯಾಸವನ್ನು ಸಹಿಸದು. ಮೊಬೈಲಿನ ಅಂಚೆಯಲ್ಲಿ ಉಳಿದಿರುವ ಹಳೆಯ ಪಾಸ್‌ವರ್ಡನ್ನೂ ಅಂದೇ ತಿದ್ದುವುದು ಲೇಸು.